ಶುಕ್ರವಾರದ ಶಾಖ

ಬಾಗಲಗುಂಟೆ
10-2-2013, ಭಾನುವಾರ

ಬಸಮ್ಮನಿಗೆ ವಸಂತಮ್ಮ ಬರೆಯೋ ಕಾಗದ.

ಕ್ಷೇಮ ಅಂತ ಬರೆಯೋಕೆ ಪೆನ್ನು ಹಿಡಿದೆ, ಕೈ ಬರಲಿಲ್ಲ. ನಿನ್ನ ಕ್ಷೇಮ ಕೇಳೋಕೂ ನಂಗೆ ಮುಖವಿಲ್ಲ. ಫೋನ್ ಮಾಡಿದ್ರೆ ನೀನು ಎತ್ತಲ್ಲ. ಒಂದು ಸಲ ಎತ್ತಿದೆ, ನನ್ನ ದನಿ ಕೇಳಿ ಇಟ್ಟುಬಿಟ್ಟೆ. ಕಾಗದ ಆದ್ರೆ ಹರಿಯೋ ಮುಂಚೆ ಒಂದು ಸಾಲಾದ್ರೂ ಕಣ್ಣಿಗೆ ಬೀಳ್ತದೆ ಅಂತ ಇದನ್ನ ಬರೀತಾ ಇದೀನಿ.

ಈ ಗುರುವಾರಕ್ಕೆ ನಿನ್ನ ಯಜಮಾನ ಇರಣ್ಣ ಹೋಗಿ ಎರಡು ತಿಂಗಳು. ನಿಂಗೆ ಮಾಲೀಕರು ಏನು ಹೇಳಿದ್ದಾರೆ ಅಂತ ನಂಗೆ ಗೊತ್ತು. ಮೋಟಾರಿನ ಕಾಯಿಲು ವಾರ್ನಿಷಿನಲ್ಲಿ ಅದ್ದಿ ಒಣಗಿಸೋ ಓವನ್ನಿಗೆ ಆಪರೇಟರು ಬೇಗ ಮುಗೀಲಿ ಅಂತ ಶಾಖ ಜಾಸ್ತಿ ಇಟ್ಟ, ಒಳಗೆ ಹೊತ್ತಿಕೊಂಡ್ತು, ವಾಸನೆ ಬಂತು ಅಂತ ಇರಣ್ಣ ಬಾಗಿಲು ತೆಗೆದ, ಬೆಂಕಿ ಅವನ ಮೇಲೆ ಬಂತು. ಪೊಲೀಸರೂ ಇದನ್ನೇ ಬರಕೊಂಡ್ರು. ಸ್ವಿಚ್ಚುಗಳ ಪ್ಯಾನಲ್ಲು ಪೂರಾ ಸುಟ್ಟು ಹೋಗಿತ್ತಲ್ಲ, ಶಾಖ ಎಷ್ಟಿಟ್ಟಿದ್ರು ಅಂತ ನೋಡೋಕೆ ಏನೂ ಉಳಿದಿರಲಿಲ್ಲ. ಆಪರೇಟರ ಬಾಯಿ ಒಂದೇ ಉಳಿದಿದ್ದು. ಅದು ಮುಚ್ಚಿಕೊಂಡಿದೆ.

ಆ ಆಪರೇಟರು ನನ್ನ ಗಂಡ. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನಾನೂ ನೂರಿಪ್ಪತ್ತು ಡಿಗ್ರಿ ದಾಟಿಸಿದವರಲ್ಲ. ಇದನ್ನ ನಿಂಗೆ ನಾನು ಹೇಳಿಕೊಡಬೇಕಾ ಬಸಮ್ಮ? ಹದಿನೇಳು ವರ್ಷ ಒಂದೇ ವಠಾರದಲ್ಲಿ, ಒಂದೇ ನಲ್ಲಿ ನೀರು ಹಿಡಿದೋರು ನಾವು. ಈಗ ಜಾಮೀನಿನ ಮೇಲೆ ಮನೇಲಿದ್ದಾರೆ. ಗೋಡೆಗೆ ಒರಗಿ ಕೂತರೆ ಸಂಜೆವರೆಗೂ ಅಲ್ಲೇ. ಎರಡು ತುತ್ತು ತಿಂದು ತಟ್ಟೆ ದೂಡ್ತಾರೆ. ಮೇ ಇಪ್ಪತ್ತಕ್ಕೆ ಕೋರ್ಟಲ್ಲಿ ಜಡ್ಜು ಕೇಳ್ತಾರಂತೆ, ತಪ್ಪು ಒಪ್ಕೋತೀಯಾ ಅಂತ. "ಒಪ್ಕೊಂಡು ಬಿಡ್ತೀನಿ, ತಪ್ಪು ನಂದೇ" ಅಂತಾರೆ. ಮಾಡದ ತಪ್ಪು ಯಾಕೆ ಒಪ್ಕೋತೀರಿ ಅಂದ್ರೆ ಹೊದ್ದು ಮಲಗ್ತಾರೆ.

ನನ್ನನ್ನ ಯೂನಿಟ್ಟಲ್ಲಿ ಇನ್ನೂ ಇಟ್ಕೊಂಡಿದ್ದಾರೆ. ಕಸ, ಟೀ, ದೇವರ ಪೂಜೆ, ಎಲ್ಲಾ ಮೊದಲಿನ ಹಾಗೇ. ಮಾಲೀಕರು "ಇದ್ರಲ್ಲಿ ನಿಮ್ಮ ತಪ್ಪೇನಿದೆ ಅಮ್ಮಾ" ಅಂದ್ರು. ಓವನ್ ರಿಪೇರಿ ಆಗಿ ಬಂದಿದೆ. ಮುನಿಕೃಷ್ಣ ಅಂತ ಹೊಸ ಆಪರೇಟರು.

ನೀನು ಒಂದು ಮಾತು ಬರಿ. ಬೈರಪ್ಪಣ್ಣ ಅಂಥೋನಲ್ಲ ಅಂತ. ಅಷ್ಟು ಓದಿ ಹೇಳಿದ್ರೆ ಅವರು ಊಟ ಮಾಡ್ತಾರೆ.

ನಿನ್ನ ರೂಮಿಗೆ ಬೇರೆಯವರು ಬಂದ್ರು. ತುಳಸಿ ಕಟ್ಟೆ ಮೇಲೆ ಹೆಲ್ಮೆಟ್ಟು ಇಡ್ತಾರೆ.

ಇಂತಿ,
ವಸಂತಮ್ಮ


ಬಾಗಲಗುಂಟೆ
3-3-2013

ಬಸಮ್ಮಾ,

ನಿನ್ನ ಕಾಗದ ಬರಲಿಲ್ಲ. ಬರಬೇಕು ಅಂತ ಕೇಳೋ ಹಕ್ಕೂ ನಂಗಿಲ್ಲ, ಆದ್ರೂ ಪೋಸ್ಟ್‌ಮ್ಯಾನ್ ಸೈಕಲ್ಲು ನೋಡ್ತೀನಿ.

ಒಂದು ವಿಷಯ ಹೇಳಬೇಕಿತ್ತು. ನಮ್ಮ ಕೃಪಾ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಕೊನೇ ವರ್ಷ ಅಲ್ವಾ, ಅವಳು ಒಂದು ದಿನ ಅವರಪ್ಪನ ಮುಂದೆ ಕೂತು ಕೇಳಿದಳು, "ಅಪ್ಪ, ಓವನ್ನಿನ ಮೀಟರಿಗೆ ಶಾಖ ತಿಳಿಸೋ ಕಡ್ಡಿ ಎಲ್ಲಿದೆ?" ಅವರು ಕೆಳಗೆ, ಫ್ಯಾನ್ ಪಕ್ಕ, ಅಂದ್ರು. "ಹಂಗಾದ್ರೆ ಮೇಲುಗಡೆ ಎಷ್ಟು ಕಾದಿದೆ ಅಂತ ಮೀಟರಿಗೆ ಹೆಂಗೆ ಗೊತ್ತಾಗ್ತದೆ?" ಇವಳು ಹಿಡಿದುಬಿಟ್ಟಳು. ಮೀಟರು ನೂರಿಪ್ಪತ್ತು ತೋರಿಸ್ತಾ ಇದ್ದಾಗಲೇ ಮೇಲೆ ಇನ್ನೂರು ಇದ್ದಿರಬಹುದು, ಹಾಗಿದ್ರೆ ತಪ್ಪು ಓವನ್ ಕಟ್ಟಿಸಿದವರದು, ಅಪ್ಪಂದಲ್ಲ ಅಂತ. ಪ್ಯಾನಲ್ಲು ಹೊಸದಾದ್ರೂ ಕಡ್ಡಿ ಅದೇ ಜಾಗದಲ್ಲೇ ಇದೆ.

ಎಸ್.ಪಿ. ರೋಡಿಗೆ ಹೋಗಿ ಅಂಗೈ ಅಗಲದ ಒಂದು ನೀಲಿ ಬೋರ್ಡು ತಂದಿದ್ದಾಳೆ. ಹುಡುಗರು ಆಟಕ್ಕೆ, ಪ್ರಾಜೆಕ್ಟಿಗೆ ತಗೊಳ್ಳೋದಂತೆ. ಅದಕ್ಕೆ ಬಿಸಿ ಅಳೆಯೋ ಒಂದು ತಂತಿ, ಟೈಮು ಇಟ್ಕೊಳ್ಳೋಕೆ ಗುಂಡಿ ಸೆಲ್ಲಿನ ಗಡಿಯಾರ, ಬರ್ಕೊಳ್ಳೋಕೆ ಫೋನಿಗೆ ಹಾಕೋ ಥರದ ಕಾರ್ಡು. ಹತ್ತು ಸೆಕೆಂಡಿಗೊಂದು ಸಲ ಗಂಟೆ ಎಷ್ಟು, ಶಾಖ ಎಷ್ಟು ಅಂತ ತಾನೇ ಬರ್ಕೊಂಡು ಹೋಗ್ತದಂತೆ. ನಾನು ಕೇಳಿದೆ, ಅದು ಸುಳ್ಳು ಬರಕೊಂಡ್ರೆ? "ಅದಕ್ಕೆ ಯಾರ ಮೇಲೂ ಪ್ರೀತಿ ಇಲ್ಲ ಅಮ್ಮ, ಸುಳ್ಳು ಯಾಕೆ ಬರೀತದೆ" ಅಂದಳು.

ಮೊದಲನೇ ದಿನ ಬೆಸುಗೆ ಬಿಟ್ಟುಹೋಗಿ ಎಲ್ಲಾ ಸೊನ್ನೆ ಬರೀತು. ಅತ್ತಳು. ಮತ್ತೆ ಕೂತು ಬೆಸುಗೆ ಹಾಕಿ ನನ್ನ ಅನ್ನದ ಎಸರಿಗೆ ತಂತಿ ಇಳಿಬಿಟ್ಟಳು. ತೊಂಬತ್ತೇಳು ಅಂತ ಬಂತು. ಕುದಿಯೋ ನೀರು ನೂರು ಅಂತ ನಾನು ಏಳನೇ ಕ್ಲಾಸಲ್ಲಿ ಬಾಯಿಪಾಠ ಮಾಡಿದ್ದೆ, ಅಲ್ಲಿಗೆ ನಿನ್ನ ಪೆಟ್ಟಿಗೆ ತಪ್ಪು ಅಂದೆ. ನಕ್ಕಳು. ಬೆಂಗಳೂರು ಎತ್ತರದಲ್ಲಿದೆಯಂತೆ, ಇಲ್ಲಿ ನೀರು ಬೇಗ ಕುದೀತದಂತೆ. ಈ ಮನೇಲಿ ನಗು ಕೇಳಿದ್ದು ಡಿಸೆಂಬರಿಂದೀಚೆಗೆ ಅವತ್ತೇ.

ಅವರಪ್ಪ ಎದ್ದು ಬಂದು ತಂತಿ ಕಿತ್ತು ಬಿಸಾಕಿದ್ರು. "ಅದನ್ನ ಅಲ್ಲಿ ಇಡಬ್ಯಾಡಿ. ಆಗಿದ್ದು ಆಗೋಯ್ತು, ಕೆದಕಬ್ಯಾಡಿ" ಅಂದ್ರು. ಮಗಳ ಮೇಲೆ ಯಾವತ್ತೂ ದನಿ ಎತ್ತಿದವರಲ್ಲ.

ನಾನು ಇಡ್ತೀನಿ ಬಸಮ್ಮ. ದೇವರ ಮೇಲೆ ಭಾರ ಹಾಕಿ ಇಡ್ತೀನಿ.

ನಿನ್ನ,
ವಸಂತಮ್ಮ


ಸಿರಾ
14-3-2013

ವಸಂತಮ್ಮನವರಿಗೆ,

ನಿಮ್ಮ ಎರಡು ಕಾಗದವೂ ತಲುಪಿದವು. ಓದಿದೆ.

ಬೈರಪ್ಪನವರು ಊಟ ಮಾಡ್ತಿಲ್ಲ ಅಂತ ಬರೆದಿದ್ದೀರಿ. ನಮ್ಮೋರೂ ಮಾಡ್ತಿಲ್ಲ.

ನೀವು ಹೇಳಿದ್ದು ನಂಗೆ ಬೇಡ. ನಿಮ್ಮ ಗಂಡ, ನೀವು ಹೇಳ್ತೀರಿ. ಆ ಪೆಟ್ಟಿಗೆ ಏನಾದ್ರೂ ಹೇಳಿದ್ರೆ ಅದನ್ನ ಬರೀರಿ. ಇದ್ದದ್ದು ಇದ್ದಂಗೆ.

ಬಸಮ್ಮ


ಬಾಗಲಗುಂಟೆ
7-4-2013

ಬಸಮ್ಮಾ,

ಪೆಟ್ಟಿಗೆ ಹೇಳ್ತು. ಅದನ್ನೇ ಬರೀತೀನಿ, ನನ್ನ ಮಾತು ಸೇರಿಸಲ್ಲ.

ಸೋಮವಾರ, ಒಂದನೇ ತಾರೀಕು ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋದೆ. ಪ್ಲಾಸ್ಟಿಕ್ ಊಟದ ಡಬ್ಬಿಯೊಳಗೆ ಬೋರ್ಡು ಕೂಡಿಸಿದ್ದಳು. ಸ್ಟೂಲು ಹತ್ತಿ, ಓವನ್ನಿನ ನೆತ್ತಿ ಮೇಲೆ ಹೊಗೆ ಹೋಗೋ ತೂತಿದೆಯಲ್ಲ, ಅದರೊಳಗೆ ತಂತಿ ಇಳಿಬಿಟ್ಟೆ. ಡಬ್ಬಿಯನ್ನ ಗೋಡೆಯ ಲಕ್ಷ್ಮೀ ಪಟದ ಹಿಂದೆ ಇಟ್ಟೆ. ದೇವರ ದೀಪದ ಪ್ಲಗ್ಗಿಗೇ ಅದಕ್ಕೂ ಕರೆಂಟು. ಕದ್ದು ಮಾಡೋ ಕೆಲಸಕ್ಕೆ ನಿನ್ನ ಬೆನ್ನ ಹಿಂದೆ ಜಾಗ ಕೇಳ್ತಾ ಇದೀನಿ ತಾಯಿ ಅಂತ ಕೈ ಮುಗಿದೆ.

ಮುನಿಕೃಷ್ಣ ಅರ್ಧ ಗಂಟೆಗೊಂದು ಸಲ ಮೀಟರು ನೋಡಿ ಪುಸ್ತಕದಲ್ಲಿ ಬರೀತಾನೆ. ಟೀ ಕೊಡೋ ನೆಪದಲ್ಲಿ ಅದನ್ನ ನಾನು ಕೈ ಮೇಲೆ ಪೆನ್ನಲ್ಲಿ ಗೀಚ್ಕೊಳ್ತಿದ್ದೆ. ಒಂದು ದಿನ ನೋಡಿಬಿಟ್ಟ. "ಏನಕ್ಕಾ, ಆಪರೇಟರ್ ಕೆಲಸಕ್ಕೇ ಕಣ್ಣು ಹಾಕಿದೀರಾ? ಹೇಳಿ, ನಾನು ಟೀ ಮಾಡ್ತೀನಿ, ನೀವು ನಿಂತ್ಕೊಳ್ಳಿ" ಅಂದ. ಸಾಸಿವೆ ಡಬ್ಬಿ ಮೇಲೆ ಅಂಟಿಸೋ ಚೀಟಿಗೆ ನಂಬರು ಅಂದೆ. ಸುಳ್ಳು ಹೇಳೋಕೂ ಬರಲ್ಲ ನಂಗೆ. ಸಾಸಿವೆ ಡಬ್ಬಿಗೆ ಯಾತರ ಚೀಟಿ?

ಸೋಮವಾರ ಮೀಟರು ನೂರಿಪ್ಪತ್ತು, ಪೆಟ್ಟಿಗೆ ನೂರಿಪ್ಪತ್ತೆರಡು. ಮಂಗಳವಾರ ಹಾಗೇ. ಬುಧವಾರ, ಗುರುವಾರ ಹಾಗೇ. ಮೇಲೂ ಕೆಳಗೂ ಒಂದೇ ಶಾಖ. ಓವನ್ನಲ್ಲಿ ಏನೂ ಐಬಿಲ್ಲ. ಗುರುವಾರ ಸಂಜೆ ಕೃಪಾ ಕಂಪ್ಯೂಟರಿನಲ್ಲಿ ಆ ಗೆರೆ ತೋರಿಸಿದಳು, ಹಲಗೆ ಇಟ್ಟು ಎಳೆದ ಹಾಗಿತ್ತು. ಹಾಗಾದ್ರೆ ಅವರೇ ಶಾಖ ಏರಿಸಿದ್ರಾ ಅನ್ನೋ ಮಾತು ನನ್ನ ತಲೆಗೆ ಬಂತು. ನಿನ್ನ ಹತ್ರ ಮುಚ್ಚಿಡಲ್ಲ. ಗೋಡೆಗೆ ಒರಗಿ ಕೂತಿದ್ದವರ ಕಡೆ ಅವತ್ತು ನಂಗೆ ನೋಡೋಕಾಗಲಿಲ್ಲ.

ಶುಕ್ರವಾರ ಸಂಜೆ ಕಾರ್ಡು ತಂದು ಕೊಟ್ಟು ನಾನು ಹಿಟ್ಟು ಕಲೆಸ್ತಾ ಇದ್ದೆ. ಕೃಪಾ ಕೂಗಿದಳು. ಬೆಳಿಗ್ಗೆ ಒಂಬತ್ತು ಇಪ್ಪತ್ತಾರರಿಂದ ಗೆರೆ ಗೋಡೆ ಹತ್ತಿದ ಹಾಗೆ ಎದ್ದಿದೆ. ಒಂಬತ್ತೂವರೆಗೆ ನೂರ ನಲವತ್ತಾರು. ಮುನಿಕೃಷ್ಣ ಅದೇ ಒಂಬತ್ತೂವರೆಗೆ ಪುಸ್ತಕದಲ್ಲಿ ಬರೆದಿರೋದು ನೂರಿಪ್ಪತ್ತು. ಮೀಟರಿಗೆ ಗೊತ್ತೇ ಆಗಿಲ್ಲ. ಆಮೇಲೆ ಗೆರೆ ಇಳಿದು ತನ್ನ ಜಾಗಕ್ಕೆ ಬಂದಿದೆ.

ಈ ಓವನ್ನು ಮೀಟರಿಗೆ ಕಾಣದ ಹಾಗೆ ಕಾಯ್ತದೆ ಬಸಮ್ಮ. ಇರಣ್ಣ ಹೋಗಿದ್ದೂ ಶುಕ್ರವಾರವೇ, ಹತ್ತು ಗಂಟೆ ಸುಮಾರಿಗೆ. ನಮ್ಮ ವಕೀಲರು ಕಾರ್ಡು ನೋಡಿ ಕೇಸಿಗೆ ಇಷ್ಟು ಸಾಕು, ಆದ್ರೂ ಗಟ್ಟಿ ಆಗಲಿ, ಇನ್ನೊಂದು ವಾರ ಇಡಿ ಅಂದ್ರು.

ಮನೆಗೆ ಬಂದು ನಮ್ಮ ಯಜಮಾನರಿಗೆ ಹೇಳಿದೆ. "ಶುಕ್ರವಾರಾನಾ?" ಅಂತ ಕೇಳಿ ಮುಖ ಗೋಡೆ ಕಡೆ ತಿರುಗಿಸಿಕೊಂಡ್ರು. ಸಂತೋಷಕ್ಕೆ ಕಣ್ಣೀರು ಬಂದಿರಬೇಕು ಅಂದ್ಕೊಂಡೆ.

ನಿನ್ನ,
ವಸಂತಕ್ಕ


ಸಿರಾ
15-4-2013

ವಸಂತಕ್ಕಂಗೆ ಬಸಮ್ಮ ಮಾಡೋ ನಮಸ್ಕಾರ.

ಕಾಗದ ನಾಕು ಸಲ ಓದಿದೆ. ನಮ್ಮಣ್ಣನ ಮಗನ ಕೈಲಿ ಒಂದು ಸಲ ಓದಿಸಿ ಕೇಳಿದೆ, ನಾನು ಓದಿದ್ದು ಸರಿಯಾ ಅಂತ.

ಅಕ್ಕಾ, ಬೈರಪ್ಪಣ್ಣಂಗೆ ಹೇಳು. ಆಸ್ಪತ್ರೆ ಬಾಗಿಲಲ್ಲಿ ನಾನು ಅಣ್ಣನ ಮೇಲೆ ಮಣ್ಣು ತೂರಿದೆ. ಅವತ್ತು ಅಣ್ಣ ಕಣ್ಣು ಕೂಡ ಒರೆಸಿಕೊಳ್ಳಲಿಲ್ಲ. ಆ ಮಣ್ಣು ನನ್ನ ಬಾಯಿಗೆ ಬೀಳಲಿ. ನಾಕು ತಿಂಗಳಿಂದ ಬೆಳಿಗ್ಗೆ ಎದ್ದರೆ ಮೊದಲು ಅಣ್ಣನ್ನ ಶಪಿಸಿ ಆಮೇಲೆ ಒಲೆ ಹಚ್ಚುತ್ತಿದ್ದೆ. ಇವತ್ತು ಬರೀ ಒಲೆ ಹಚ್ಚಿದೆ.

ಮಾಲೀಕರ ಕಡೆಯವರು ಬಂದು, ಆಪರೇಟರದೇ ತಪ್ಪು ಅಂತ ಬರೆದ ಹಾಳೆಗೆ ಸೈನು ಹಾಕು ಅಂದ್ರು. ಹಾಕಲ್ಲ ಅಂದೆ.

ಉಣ್ಣಕ್ಕೆ ಹೇಳು ಅಣ್ಣಂಗೆ. ಬಸಮ್ಮ ಹೇಳಿದಳು ಅಂತ ಹೇಳು.

ನಿನ್ನ ತಂಗಿ,
ಬಸಮ್ಮ


ಬಾಗಲಗುಂಟೆ
21-4-2013

ಬಸಮ್ಮಾ,

ನಿನ್ನ ಕಾಗದ ಬಂತು. ಅವರಿಗೆ ಓದಿ ಹೇಳಿದೆ. ಎದ್ದು ಹೊರಗೆ ಹೋದ್ರು.

ನನ್ನನ್ನ ಅಕ್ಕ ಅಂತ ಬರೆದಿದ್ದೀಯ. ಅದನ್ನ ಈಗ ಬರೀಬೇಡ. ಯಾಕೆ ಅಂತ ಬರೆಯೋಕೆ ಇವತ್ತು ನನ್ನ ಕೈಲಿ ಆಗ್ತಾ ಇಲ್ಲ.

ವಸಂತಮ್ಮ


ಬಾಗಲಗುಂಟೆ
28-4-2013

ಬಸಮ್ಮಾ,

ಇದ್ದದ್ದು ಇದ್ದಂಗೆ ಬರಿ ಅಂದಿದ್ದೆ ನೀನು. ಬರೀತೀನಿ. ಪೂರಾ ಓದು. ಆಮೇಲೆ ಹರಿ.

ಹನ್ನೆರಡನೇ ತಾರೀಕು ಎರಡನೇ ಶುಕ್ರವಾರ. ಅವತ್ತೂ ಅದೇ ಹೊತ್ತಿಗೆ ಗೆರೆ ಎದ್ದಿತ್ತು. ಭಾನುವಾರ ಕೃಪಾ ಎರಡೂ ಗೆರೆ ಪಕ್ಕ ಪಕ್ಕ ಇಟ್ಟು ಯೋಚನೆ ಮಾಡಿ ಹೇಳಿದಳು, "ಅಮ್ಮ, ಶಾಖ ತಾನಾಗೇ ಏರ್ತಾ ಇಲ್ಲ. ಒಳಗಿನ ಫ್ಯಾನ್ ನಿಂತರೆ ಮಾತ್ರ ಹಿಂಗಾಗೋದು. ಫ್ಯಾನ್ ನಿಂತರೆ ಬಿಸಿಯೆಲ್ಲ ಮೇಲೆ ಸೇರ್ತದೆ, ಕೆಳಗಿನ ಕಡ್ಡಿಗೆ ಗೊತ್ತಾಗಲ್ಲ, ಕಾಯಿಸ್ತಾನೇ ಇರ್ತದೆ. ಶುಕ್ರವಾರ ಒಂಬತ್ತೂವರೆ ಹೊತ್ತಿಗೆ ಅಲ್ಲಿ ಫ್ಯಾನ್ ಯಾರು ನಿಲ್ಲಿಸ್ತಾರೆ?"

ನಾನು ನಿಲ್ಲಿಸ್ತೀನಿ ಬಸಮ್ಮ.

ಶುಕ್ರವಾರ ಓವನ್ನಿಗೆ ಮಂಗಳಾರತಿ ಮಾಡೋದು ನಾನಲ್ವಾ. ಓವನ್ ಬಾಗಿಲ ಸಂದಿಂದ ಬರೋ ಫ್ಯಾನಿನ ಗಾಳಿಗೆ ಕರ್ಪೂರ ಆರಿಹೋಗ್ತದೆ. ಎತ್ತಿದ ಆರತಿ ನಡುವೆ ಆರಿದ್ರೆ ಅಪಶಕುನ ಅಂತ ನಮ್ಮತ್ತೆ ಹೇಳ್ತಿದ್ರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಯಜಮಾನರಿಗೆ ಹೇಳಿದೆ, ಆರತಿ ನಿಲ್ತಾ ಇಲ್ಲ ಅಂತ. ಅವರೇ ತೋರಿಸಿಕೊಟ್ರು. ಕೆಂಪು ಗುಂಡಿ ಒತ್ತಿದ್ರೆ ಫ್ಯಾನ್ ನಿಲ್ತದೆ, ಪೂಜೆ ಆದ ಮೇಲೆ ಹಸಿರು ಒತ್ತು ಅಂತ. ಅವತ್ತಿಂದ ಪ್ರತಿ ಶುಕ್ರವಾರ ಒತ್ತಿದ್ದೀನಿ. ಐದು ನಿಮಿಷ. ಅದು ಬರೀ ಗಾಳಿ ಅಂದ್ಕೊಂಡಿದ್ದೆ. ಕಾರ್ಡು ತಂದು ಕೊಡೋವಾಗಲೂ ಅದು ನನ್ನ ತಲೆಗೆ ಹೋಗಲಿಲ್ಲ. ಉಸಿರಾಡೋದನ್ನ ಯಾರು ಲೆಕ್ಕ ಇಡ್ತಾರೆ?

ಕೃಪಾಗೆ ಆಗ ಹೇಳಲಿಲ್ಲ. ಹತ್ತೊಂಬತ್ತನೇ ತಾರೀಕು ಶುಕ್ರವಾರ ಫ್ಯಾನ್ ನಿಲ್ಲಿಸದೆ ಆರತಿ ಎತ್ತಿದೆ. ಎರಡು ಸಲ ಆರಿತು. ಮೂರನೇ ಸಲ ಹಚ್ಚಲಿಲ್ಲ. ಸಂಜೆ ಗೆರೆ ನೋಡಿದೆ. ಹಲಗೆ ಇಟ್ಟು ಎಳೆದ ಹಾಗಿತ್ತು.

ಡಿಸೆಂಬರ್ ಹದಿನಾಲ್ಕು. ಆರತಿ ಎತ್ತಿದೆ, ಎಲ್ಲರಿಗೂ ಕೊಟ್ಟೆ. ಅಷ್ಟರಲ್ಲಿ ಮಾಲೀಕರ ರೂಮಿಂದ ಕೂಗಿದ್ರು, ಪುಣೆಯಿಂದ ಪಾರ್ಟಿ ಬಂದಿದ್ದಾರೆ, ಆರು ಕಾಫಿ ಬೇಕು ಅಂತ. ತಟ್ಟೆ ದೇವರ ಮುಂದೆ ಇಟ್ಟು ಓಡಿದೆ. ಹಾಲು ಇರಲಿಲ್ಲ, ಅಂಗಡಿಗೆ ಹೋದೆ. ಹಾಲು ಕಾಯಿಸಿದ್ದು ನೆನಪಿದೆ. ಸಕ್ಕರೆ ಇಬ್ಬರಿಗೆ ಬೇಡ ಅಂದಿದ್ದು ನೆನಪಿದೆ. ಹಸಿರು ಗುಂಡಿ ಒತ್ತಿದ್ದು ನೆನಪಿಲ್ಲ. ಎಷ್ಟು ಹುಡುಕಿದ್ರೂ ಆ ಗುಂಡಿ ಮೇಲೆ ನನ್ನ ಬೆರಳು ಸಿಗ್ತಾ ಇಲ್ಲ.

ನಮ್ಮ ಯಜಮಾನರ ಮುಂದೆ ಕೂತು ಕೇಳಿದೆ. ಎದ್ದು ಬಾಗಿಲು ಹಾಕಿ ಬಂದ್ರು. ಆಮೇಲೆ ಹೇಳಿದ್ರು. "ಹಿಂದುಗಡೆ ವಾರ್ನಿಷ್ ತೊಟ್ಟಿ ತಾವ ಇದ್ದೆ. ವಾಸನೆ ಬಂತು ಅಂತ ಓಡಿ ಬಂದೆ. ಫ್ಯಾನಿನ ಹಸಿರು ದೀಪ ಆರಿತ್ತು. ನೋಡಿದೆ. ಒತ್ತಕ್ಕೆ ಹೋದೆ, ಅಷ್ಟರಲ್ಲಿ ಇರಣ್ಣ ಬಾಗಿಲು ತೆಗೆದ."

"ಗೊತ್ತಿದ್ದೂ ಯಾಕೆ ಹೇಳಲಿಲ್ಲ?"

"ಏನಂತ ಹೇಳ್ಲಿ? ಗುಂಡಿ ತೋರಿಸಿಕೊಟ್ಟೋನು ನಾನು. ನೀನು ದೇವರಿಗೆ ಅಂತ ಒತ್ತಿದೆ."

ನಾಲ್ಕು ತಿಂಗಳು ಆ ಮನುಷ್ಯ ನನ್ನ ಎದುರು ಕೂತು ಇದನ್ನ ನುಂಗ್ತಾ ಇದ್ರು. ಅನ್ನ ಅದಕ್ಕೇ ಇಳೀತಿರಲಿಲ್ಲ. ನಾನು ಅದೇ ಬಾಯಿಗೆ ತುತ್ತು ಇಡೋಕೆ ಹೋಗ್ತಿದ್ದೆ, ನಿಮ್ಮ ತಪ್ಪಿಲ್ಲ ಅಂತ ಹೇಳಿ ಹೇಳಿ.

ಈಗ ಕೇಳು. ವಕೀಲರಿಗೆ ಇದು ಗೊತ್ತಿಲ್ಲ. ಅವರ ಹತ್ರ ಇರೋದು ಎರಡು ಶುಕ್ರವಾರದ ಗೆರೆ. ಓವನ್ನೇ ಸರಿಯಿಲ್ಲ ಅಂತ ಅದನ್ನ ಕೊಟ್ಟರೆ ಕೇಸು ಸಡಿಲ ಆಗ್ತದೆ, ಗೆರೆ ಯಾಕೆ ಎದ್ದಿತು ಅಂತ ಯಾರೂ ಕೇಳಲ್ಲ ಅಂದ್ರು. ಫ್ಯಾನ್ ನಿಂತರೆ ಹೀಟರು ತಾನೇ ಆಫ್ ಆಗೋ ಹಾಗೆ ಮಾಡಿಸಬೇಕಿತ್ತು, ಅದು ಮಾಲೀಕರ ತಪ್ಪೇ ಅಂತ ಕೃಪಾ ಹೇಳ್ತಾಳೆ. ಇರಬಹುದು. ಅದನ್ನೂ ಹೇಳ್ತೀನಿ. ಆದ್ರೆ ಕೆಂಪು ಗುಂಡಿ ಒತ್ತಿದ್ದು ಮಾಲೀಕರಲ್ಲ.

ಕೃಪಾಗೆ ನಿನ್ನೆ ಎಲ್ಲಾ ಹೇಳಿದೆ. ಆ ಬೋರ್ಡಿನ ತಂತಿಗಳನ್ನ ಒಂದೊಂದೇ ಬಿಚ್ಚಿ ಜೋಡಿಸಿಟ್ಟಳು. "ನಾನು ಇದನ್ನ ಮಾಡಲೇಬಾರದಿತ್ತಾ ಅಮ್ಮ?" ಅಂತ ಕೇಳಿದಳು. ಮಾಡಬೇಕಿತ್ತು ಅಂದೆ. ಬಾಯಲ್ಲಿ ಅಂದೆ.

ಅವರು ನನ್ನ ಕೈ ಹಿಡ್ಕೊಂಡು ಬೇಡ್ತಾರೆ, ಸುಮ್ಮನಿರು, ನಾನು ಹೋಗ್ತೀನಿ ಒಳಗೆ, ಮಗಳಿಗೆ ತಾಯಿ ಬೇಕು ಅಂತ. ದೇವರ ಮುಂದೆ ಕೂತರೆ ಮಂತ್ರ ಬರಲ್ಲ ನಂಗೆ. ದೇವರು ಸಿಟ್ಟಾಗಿದ್ದಾರೆ ಅಂತ ಅಲ್ಲ. ನಾನು ಏನು ಬೇಡಿದ್ರೂ ಅದು ನಿನ್ನದನ್ನ ಕಿತ್ತುಕೊಂಡು ಬೇಡಿದ ಹಾಗೆ ಅನ್ನಿಸ್ತದೆ.

ಮೇ ಇಪ್ಪತ್ತಕ್ಕೆ ಜಡ್ಜು ಅವರನ್ನ ಕೇಳೋ ಮುಂಚೆ ನಾನು ಎದ್ದು ನಿಲ್ತೀನಿ. ಬರೆದೂ ಇಟ್ಟಿದ್ದೀನಿ, ಮಾತು ಸಿಕ್ಕಿಹಾಕಿಕೊಂಡರೆ ಹಾಳೆ ಕೊಡೋಕೆ. ಕೋರ್ಟಿಗಿಂತ ಮುಂಚೆ ನಿಂಗೆ ಗೊತ್ತಾಗಬೇಕು ಅಂತ ಇದನ್ನ ಹಾಕ್ತಾ ಇದೀನಿ. ಕ್ಷಮಿಸು ಅಂತ ಬರೆಯಲ್ಲ. ಅದು ಕೇಳೋ ಪದಾರ್ಥ ಅಲ್ಲ.

ವಸಂತಮ್ಮ


ಸಿರಾ
9-5-2013

ವಸಂತಮ್ಮ,

ನಿನ್ನ ಕಾಗದ ಒಲೆಗೆ ಹಾಕಿದೆ. ಹಾಕಿ ಮತ್ತೆ ತೆಗೆದೆ. ಒಂದು ಮೂಲೆ ಸುಟ್ಟಿದೆ, ಓದಕ್ಕೆ ಬರ್ತದೆ.

ಹತ್ತು ದಿನ ನಾನು ಏನು ಮಾಡಿದೆ ಅಂತ ಬರೆಯಲ್ಲ. ಯಾರನ್ನ ಶಪಿಸಬೇಕು ಅಂತ ತಿಳೀಲಿಲ್ಲ ಅಷ್ಟೆ. ಬೈರಪ್ಪಣ್ಣನ್ನ ಶಪಿಸೋದು ಸುಲಭ ಇತ್ತು. ನೀನು ನನ್ನ ಎರಡು ಬಾಣಂತನ ಮಾಡಿದೋಳು. ಬಾಯಿ ತೆರೆದರೆ ನಿನ್ನ ಹೆಸರು ಬರ್ತದೆ, ಅದರ ಹಿಂದೆ ಬರಬೇಕಾದ ಮಾತು ಬರಲ್ಲ.

ಸುಮ್ಮನಿರಬಹುದಿತ್ತು ನೀನು. ಯಾಕೆ ಬರೆದೆ ಅಂತ ಒಂದೊಂದು ಹೊತ್ತಿಗೆ ಸಿಟ್ಟು ಬರ್ತದೆ. ಅಣ್ಣಂದೂ ಅಲ್ಲ, ನಿಂದೂ ಅಲ್ಲ, ಓವನ್ನಿಂದು ಅಂದ್ಕೊಂಡು ಎರಡು ವಾರ ನಾನು ನಿದ್ದೆ ಮಾಡಿದ್ದೆ. ಅದನ್ನೂ ನೀನು ತಗೊಂಡೆ.

ಇಪ್ಪತ್ತನೇ ತಾರೀಕು ಬರ್ತೀನಿ. ಮುಂದಿನ ಬೆಂಚಲ್ಲಿ ಕೂರ್ತೀನಿ. ನಂಗೆ ಬರೆದಿದ್ದನ್ನ ಅಲ್ಲಿ ಅಷ್ಟೂ ಹೇಳು. ಹಾಲು ತರಕ್ಕೆ ಹೋಗಿದ್ದು, ಸಕ್ಕರೆ ಬೇಡ ಅಂದಿದ್ದು, ಎಲ್ಲಾ. ಒಂದು ಮಾತು ಬಿಟ್ಟರೂ ನಾನೇ ಎದ್ದು ಹೇಳ್ತೀನಿ, ಕಾಗದ ನನ್ನ ತಾವ ಐತೆ. ಮಾಲೀಕರ ಬಗ್ಗೆ ಕೃಪಾ ಹೇಳಿದ್ದನ್ನೂ ಬಿಡಬೇಡ. ಅವರನ್ನೂ ನಾನು ಬಿಡಲ್ಲ. ಅದಾದ ಮೇಲೆ ನಮ್ಮಿಬ್ಬರಿಗೆ ಮಾತಿರ್ತದೋ ಇಲ್ವೋ, ಈಗ ಗೊತ್ತಿಲ್ಲ.

ಬೆಳಿಗ್ಗೆ ಐದರ ಬಸ್ಸಿಗೆ ಹತ್ತಿ ಎಂಟನೇ ಮೈಲಿ ಸ್ಟಾಪಲ್ಲಿ ಇಳೀತೀನಿ. ಕೋರ್ಟಿಗೆ ದಾರಿ ನಂಗೆ ಗೊತ್ತಿಲ್ಲ. ಕೃಪಾನ ಕಳಿಸು. ನೀನು ಬರಬೇಡ.

ಬಸಮ್ಮ